ವಾಸದ ಮನೆಯ ಗಾಳಿಯೂ ತೇವವೂ



ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿಗೆ ಸೇರಿದ ಲಕ್ಕೂರಿನಲ್ಲಿ ನನ್ನ ಸೋದರತ್ತೆಯವರ ಮನೆಯುಂಟು. ಮನೆ ಎಂದೆನಾದರೂ ಅಲ್ಲಿರತಕ್ಕವು ಮೂರು ಕಟ್ಟಡಗಳು. ಅತ್ತೆಯವರು ಮದುವೆಯಾಗಿ ಬಂದು ಕಾಲಿಟ್ಟ ಹಳೆಯ ಮಣ್ಣುಗೋಡೆಯ ಮನೆಯೊಂದು. ಅದರ ಮೇಲೆ ಹೊದಿಸಿರುವುದು ಮಾಲೂರಿನ ಹೆಂಚು. ಹಿತ್ತಿಲಿನಾಚೆ ರೇಷ್ಮೆಯ ಹುಳು ಸಾಕುವ ಉದ್ದನೆಯ ಮನೆಯೊಂದು. ಇವೆರಡರ ನಡುವೆ, ಸಾಲಮಾಡಿ ಕಟ್ಟಿಸಿದ ಹೊಸ ಕಾಂಕ್ರೀಟು ಮನೆ ಮೂರನೆಯದು. ಈ ಮೂರರಲ್ಲಿ ಹೆಚ್ಚು ಹಣವನ್ನು ನುಂಗಿದುದು ಮೂರನೆಯದು. ಹೆಚ್ಚು ಕೆಟ್ಟ ಗಾಳಿಯಿದ್ದುದೂ ಅದರಲ್ಲಿಯೇ. ಇದು ಹೇಗಾಯಿತೆಂಬುದನ್ನು ವಿಚಾರಮಾಡುವುದೇ ಈ ಹೊತ್ತಿನ ನನ್ನ ಭಾಷಣದ ವಿಷಯ. ನಾನು ವೈದ್ಯನಲ್ಲ, ಇಂಜಿನಿಯರೂ ಅಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳುವವನು. ಆದುದರಿಂದ ನಾನು ಹೇಳುವುದರಲ್ಲಿ ಔಷಧಿಯ ಮಾತು ಕಡಮೆ, ನೀರಾವಿಯ ಮಾತು ಹೆಚ್ಚು.

ಹೊಸ ಮನೆಗೆ ಚಾವಣಿ ಹಾಕಿದುದು 2021ನೆಯ ಇಸವಿಯ ಕೊನೆಯಲ್ಲಿ. ಆ ವರ್ಷದ ನವೆಂಬರಿನಲ್ಲಿ ಕೋಲಾರದ ಸೀಮೆಯಲ್ಲೆಲ್ಲಾ ಅಪೂರ್ವವಾಗಿ ಮಳೆ ಸುರಿದು, ಎಷ್ಟೋ ವರ್ಷಗಳಿಂದ ಬತ್ತಿದ್ದ ಕೆರೆಗಳು ಕೋಡಿ ಬಿದ್ದುದು ತಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಮಾಘಮಾಸದಲ್ಲಿ ಒಳ್ಳೆಯ ಮುಹೂರ್ತ ದೊರೆಯಿತೆಂದು, ಗೋಡೆಯ ಗಾರೆ ಇನ್ನೂ ಬೆರಳಿಗೆ ತಣ್ಣಗೆ ತಾಕುತ್ತಿರುವಾಗಲೇ, ನುಣುಪಾದ ಎಮಲ್ಷನ್ ಬಣ್ಣ ಬಳಿಸಿ ಗೃಹಪ್ರವೇಶವನ್ನು ನೆರವೇರಿಸಿದರು. ಊಟಕ್ಕೆ ನಾನೂ ಹೋಗಿದ್ದೆ. ಮನೆ ಬಹಳ ಲಕ್ಷಣವಾಗಿ ಕಾಣುತ್ತಿತ್ತು. ಮುಂದಿನ ಮಳೆಗಾಲ ಕಳೆಯುವ ವೇಳೆಗೆ ಮಲಗುವ ಕೋಣೆಯ ಬಡಗಣ ಗೋಡೆಯಲ್ಲಿ, ಮಂಚದ ಹಿಂದುಗಡೆ, ಎಳ್ಳು ಚೆಲ್ಲಿದಂತೆ ಕರಿಯ ಚುಕ್ಕೆಗಳೆದ್ದವು. ಬೀರುವಿನಲ್ಲಿಟ್ಟ ಸೀರೆಗಳು ಮುಗ್ಗು ವಾಸನೆ ಹಿಡಿದವು. ಅತ್ತೆಯವರ ಮರಿಮಗಳು, ಆಗ ನಾಲ್ಕು ವರ್ಷದ ಕೂಸು, ರಾತ್ರಿ ಎರಡು ಗಂಟೆಯ ಮೇಲೆ ಎದ್ದು ಕುಳಿತು ಕೆಮ್ಮಲು ಮೊದಲಾಯಿತು. ಮಾಲೂರಿನ ವೈದ್ಯರು ಇದು ಉಬ್ಬಸದ ಲಕ್ಷಣವೆಂದು ಹೇಳಿ ಸೇದುವ ಔಷಧಿಯನ್ನು ಕೊಟ್ಟರು.

ಊರೆಂದ ಮೇಲೆ ಕಾರಣ ಹೇಳುವವರಿಗೆ ಕೊರತೆಯೆ? ಬಾಗಿಲು ದಿಕ್ಕು ತಪ್ಪಿದೆಯೆಂದು ಒಬ್ಬರೆಂದರು. ಮೇಸ್ತ್ರಿಯು ಬಣ್ಣದವನನ್ನೂ, ಬಣ್ಣದವನು ಮರಳನ್ನೂ ದೂರಿದರು. ಇನ್ನೊಬ್ಬರು ವಿದ್ಯಾವಂತರೇ, ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರನ್ನು 2018ರಿಂದ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿರುವುದರಿಂದ ಭೂಮಿಯೊಳಗಿನ ನೀರು ಮೇಲೇರಿ ಗೋಡೆಗೆ ಬರುತ್ತಿದೆಯೆಂದು ಸಿದ್ಧಾಂತ ಮಾಡಿದರು. ಅತ್ತೆಯವರು ಮಾತ್ರ, “ಹೊಸ ಮನೆ ಉಸಿರಾಡಲ್ಲ ಕಣಪ್ಪ” ಎಂದು ಹೇಳಿ, ತಮ್ಮ ಚಾಪೆಯನ್ನು ಹಳೆಯ ಮನೆಯಿಂದ ಕದಲಿಸಲೇ ಇಲ್ಲ.

ಅತ್ತೆಯವರ ಮಾತನ್ನೇ ಮೊದಲು ಪರೀಕ್ಷಿಸೋಣ. ಗೋಡೆ ಉಸಿರಾಡುತ್ತದೆಯೆಂಬ ಮಾತನ್ನು ಹೇಳಿದವರಲ್ಲಿ ಅವರು ಮೊದಲಿಗರಲ್ಲ. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಆರೋಗ್ಯಶಾಸ್ತ್ರಕ್ಕೆ ಅಡಿಪಾಯ ಹಾಕಿದ ಮ್ಯಾಕ್ಸ್ ಫಾನ್ ಪೆಟ್ಟನ್‌ಕೋಫರ್ ಎಂಬ ಪಂಡಿತನು 19ನೆಯ ಶತಮಾನದ ನಡುವಿನಲ್ಲಿ ಇದನ್ನೇ ಹೇಳಿದನು. ಇಟ್ಟಿಗೆಯ ತುಂಡಿನ ಪಕ್ಕಗಳಿಗೆ ಮೇಣವನ್ನು ಬಳಿದು, ಒಂದು ಕೊನೆಯಿಂದ ಊದಿ, ಇನ್ನೊಂದು ಕೊನೆಯಲ್ಲಿ ಹಚ್ಚಿಟ್ಟ ಮೇಣದ ಬತ್ತಿಯನ್ನು ಆರಿಸಿ ತೋರಿಸಿದನು. ಪ್ರಯೋಗ ಸುಳ್ಳಲ್ಲ. ಆದರೆ ಅದರಿಂದ ಆತನು ತೆಗೆದ ತೀರ್ಮಾನ ಸರಿಯಲ್ಲ. ಬಾಯಿಂದ ಬಲವಾಗಿ ಊದಿದಷ್ಟು ಒತ್ತಡ ಮನೆಯ ಗೋಡೆಯ ಮೇಲೆ ಎಂದೂ ಬೀಳುವುದಿಲ್ಲವಾದುದರಿಂದ, ಗೋಡೆಯ ಮೂಲಕ ಒಳಬರುವ ಗಾಳಿ ಲೆಕ್ಕಕ್ಕೆ ಬಾರದಷ್ಟು ಅಲ್ಪವೆಂದು ಮುಂದಿನವರು ಅಳೆದು ಕಂಡುಕೊಂಡರು. ಗಾಳಿ ಬರುವುದು ಬಾಗಿಲು, ಕಿಟಕಿ, ಹೆಂಚಿನ ಸಂದು, ಗವಾಕ್ಷಿ ಇವುಗಳಿಂದಲೇ.

ಹಾಗಾದರೆ ಅತ್ತೆಯವರದು ಬರಿಯ ಭ್ರಮೆಯೆ? ಅಲ್ಲ. ಮಣ್ಣಿನ ಗೋಡೆ ಗಾಳಿಯನ್ನು ಹಾಯಿಸದಿದ್ದರೂ, ನೀರಾವಿಯನ್ನು ಹೀರಿಕೊಳ್ಳುತ್ತದೆ. ಹೊರಗೆ ಒಣಗಾಳಿ ಬಂದಾಗ ಹಿಂದಕ್ಕೆ ಬಿಟ್ಟುಕೊಡುತ್ತದೆ. ಜೇಡಿಯ ಕಣಗಳ ನಡುವೆ ಇರತಕ್ಕ ಕಣ್ಣಿಗೆ ಕಾಣದ ಸಂದುಗಳು ಇದಕ್ಕೆ ಕಾರಣ. ರಾತ್ರಿಯ ಹೊತ್ತು ನಾಲ್ಕು ಜನ ಮಲಗಿದಾಗ ಹೆಚ್ಚಾದ ತೇವವನ್ನು ಗೋಡೆ ಸಾಲವಾಗಿ ಇಟ್ಟುಕೊಂಡು ಹಗಲಲ್ಲಿ ತೀರಿಸುತ್ತದೆಯೆನ್ನಬಹುದು. ಸಿಮೆಂಟಿನ ಗಿಲಾವು ಈ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡುತ್ತದೆ. ಅದರ ಮೇಲೆ ಎಮಲ್ಷನ್ ಬಣ್ಣದ ಪೊರೆ ಬಂದರೆ ಅಷ್ಟನ್ನೂ ಮಾಡಲಾರದು.

ಈಗ ಲೆಕ್ಕಕ್ಕೆ ಬರೋಣ. ಗಾಳಿ ತನ್ನಲ್ಲಿ ಎಷ್ಟು ನೀರಾವಿಯನ್ನು ಇಟ್ಟುಕೊಳ್ಳಬಲ್ಲುದು ಎಂಬುದು ಅದರ ಉಷ್ಣಮಾನವನ್ನು ಅವಲಂಬಿಸಿದೆ. ಒಂದು ಘನ ಮೀಟರು ಗಾಳಿಯು 15 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು 13 ಗ್ರಾಂ ನೀರನ್ನೂ, 20 ಡಿಗ್ರಿಯಲ್ಲಿ 17 ಗ್ರಾಂ ನೀರನ್ನೂ, 25ರಲ್ಲಿ 23 ಗ್ರಾಂ, 30ರಲ್ಲಿ 30 ಗ್ರಾಂ ನೀರನ್ನೂ ಹೊರಬಲ್ಲುದು. ಅದಕ್ಕೆ ಮೇಲ್ಪಟ್ಟುದನ್ನು ಹೊರಲಾರದೆ ಹನಿಯಾಗಿ ಬಿಡುತ್ತದೆ. ಇರುವ ತೇವವು ಇರಬಹುದಾದ ತೇವದಲ್ಲಿ ನೂರಕ್ಕೆ ಎಷ್ಟೆಂಬುದನ್ನೇ ಆರ್ದ್ರತೆ ಎನ್ನುವುದು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಕೋಣೆಯಲ್ಲಿ 28 ಘನ ಮೀಟರು ಗಾಳಿಯುಂಟು. ಅದು 24 ಡಿಗ್ರಿಯಲ್ಲಿ ಹೊರಬಲ್ಲ ನೀರು ಒಟ್ಟು 600 ಗ್ರಾಮಿಗೆ ಸ್ವಲ್ಪ ಹೆಚ್ಚು. ನಿದ್ರಿಸುವ ಮನುಷ್ಯನು ಉಸಿರಿನಿಂದಲೂ ಚರ್ಮದಿಂದಲೂ ಗಂಟೆಗೆ ಸುಮಾರು 40 ಗ್ರಾಂ ನೀರನ್ನು ಬಿಡುತ್ತಾನೆ. ತಂದೆ, ತಾಯಿ, ಮಗು ಮೂವರು ಎಂಟು ಗಂಟೆಯ ಕಾಲ ಮಲಗಿದರೆ ಮುಕ್ಕಾಲು ಲೀಟರಿಗೆ ಕಡಮೆಯಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಷ್ಟು ನೀರು ಎಲ್ಲಿಗೆ ಹೋಗಬೇಕು? ಹಾಸಿಗೆಗೆ, ಬಟ್ಟೆಗೆ, ಗೋಡೆಗೆ.

ಇದರ ಮೇಲೆ ಅಡಿಗೆ, ಸ್ನಾನ, ಒಗೆತ. ಅನಿಲದ ಒಲೆ ಬಂದ ಮೇಲೆ ಹೊಗೆ ಹೋಯಿತು, ಸಂತೋಷ. ಆದರೆ ಆ ಅನಿಲವು ಉರಿಯುವಾಗ ಅದರೊಳಗಿನ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿ ನೀರೇ ಆಗುತ್ತದೆಯೆಂಬುದನ್ನು ನಮ್ಮಲ್ಲಿ ಯಾರೂ ಯೋಚಿಸುವುದಿಲ್ಲ. ಒಂದು ಕಿಲೋ ಅನಿಲ ಉರಿದರೆ ಒಂದೂವರೆ ಕಿಲೋಗೂ ಮೇಲ್ಪಟ್ಟು ನೀರಾವಿ. 14.2 ಕಿಲೋ ತೂಕದ ಒಂದು ಸಿಲಿಂಡರು ಮುಗಿಯುವ ವೇಳೆಗೆ ಅಡಿಗೆಮನೆಯ ಗಾಳಿಗೆ ಸುಮಾರು 22 ಲೀಟರು, ಎಂದರೆ ಎರಡು ಬಿಂದಿಗೆಯಷ್ಟು ನೀರನ್ನು ಸುರಿದಂತಾಯಿತು. ಕುದಿಯುವ ಸಾರು, ಬೇಯುವ ಅನ್ನ ಇವುಗಳ ಆವಿ ಇದರಲ್ಲಿ ಸೇರಿಲ್ಲ. ತರಗತಿಯಲ್ಲಿ ಈ ಲೆಕ್ಕವನ್ನು ಹೇಳಿದಾಗ ಹುಡುಗರು ನಂಬಲಿಲ್ಲ. ಹಲಗೆಯ ಮೇಲೆ ಅಣುತೂಕಗಳನ್ನು ಬರೆದು ತೋರಿಸಬೇಕಾಯಿತು.

ಹೊಸ ಮನೆಗೆ ಇನ್ನೊಂದು ಭಾರವುಂಟು. ಕಾಂಕ್ರೀಟು ಕಲಸುವಾಗ ಸೇರಿಸಿದ ನೀರಿನಲ್ಲಿ ಸಿಮೆಂಟಿನೊಡನೆ ಕೂಡಿ ಕಲ್ಲಾಗುವುದು ಒಂದು ಪಾಲು ಮಾತ್ರ; ಮಿಕ್ಕದ್ದು ಒಣಗಿಯೇ ಹೋಗಬೇಕು. ಸಾವಿರ ಚದರಡಿಯ, ಐದಂಗುಲ ದಪ್ಪದ ಚಾವಣಿಯೊಂದರಿಂದಲೇ ಹೀಗೆ ಹೊರಬೀಳಬೇಕಾದ ನೀರು ಸುಮಾರು ಸಾವಿರ ಲೀಟರು. ಗೋಡೆ, ಗಿಲಾವು, ನೆಲ, ದಿನವೂ ಹೊಡೆದ ನೀರು ಬೇರೆ. ಬೇಸಗೆಯೊಂದು ಕಳೆಯುವವರೆಗೆ ಬಣ್ಣ ಹಚ್ಚದೆ ಕಿಟಕಿ ತೆರೆದು ಬಿಟ್ಟಿದ್ದರೆ ಇದರಲ್ಲಿ ಬಹುಪಾಲು ಹೋಗುತ್ತಿತ್ತು. ಮುಹೂರ್ತ ಕಾಯಲಿಲ್ಲ.

ನೆಲದ ನೀರಿನ ವಿಷಯ. ಒಣ ಇಟ್ಟಿಗೆಯೊಂದನ್ನು ತಟ್ಟೆಯ ನೀರಿನಲ್ಲಿ ನಿಲ್ಲಿಸಿ ನೋಡಿ. ನೀರು ತಾನಾಗಿ ಮೇಲೇರುತ್ತದೆ. ರಂಧ್ರ ಎಷ್ಟು ಸಣ್ಣದೋ ಏರಿಕೆ ಅಷ್ಟು ಹೆಚ್ಚು. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತ್ರಿಜ್ಯವುಳ್ಳ ನಾಳದಲ್ಲಿ ನೀರು ಏರಬಲ್ಲುದು ಒಂದೂವರೆ ಮೀಟರು. ಆದುದರಿಂದ ತಳಪಾಯದ ಪಕ್ಕದ ಮಣ್ಣು ಒದ್ದೆಯಾಗಿದ್ದರೆ ಗೋಡೆ ಮಂಡಿಯವರೆಗೆ, ಸೊಂಟದವರೆಗೆ ನೆನೆಯಬಹುದು. ಆದರೆ ಹತ್ತಾರು ಅಡಿ ಕೆಳಗಿನ ಅಂತರ್ಜಲವು ಹೀಗೆ ಏರಿ ಮನೆಗೆ ಬರಲಾರದು. ಲಕ್ಕೂರಿನ ಆ ಗೋಡೆಯ ಬುಡದಲ್ಲಿ ನಾವು ಕಂಡ ನೀರು ಕೆರೆಯದಲ್ಲ. ಗೋಡೆಗೆ ಒತ್ತಿ ಮಣ್ಣು ಏರಿಸಿ, ಕನಕಾಂಬರದ ಗಿಡ ಹಾಕಿ, ದಿನವೂ ಎರಡು ಕೊಡ ಕೊಳವೆಬಾವಿಯ ನೀರು ಹೊಯ್ಯುತ್ತಿದ್ದರು! ತೇವ ಬಾರದಂತೆ ಪಾಯದ ಮೇಲೆ ಹಾಕಿದ್ದ ಕಾಂಕ್ರೀಟಿನ ಪಟ್ಟಿಗಿಂತ ಆ ಮಣ್ಣು ಅರ್ಧ ಅಡಿ ಮೇಲಿತ್ತು. ಆ ನೀರಿನಲ್ಲಿ ಕರಗಿದ ಲವಣಗಳು ಗೋಡೆಯ ಮೈಗೆ ಬಂದು, ನೀರು ಆರಿದ ಮೇಲೆ ಬಿಳಿಯ ಹರಳಾಗಿ ನಿಂತು, ಬಣ್ಣವನ್ನು ಹಪ್ಪಳದಂತೆ ಎಬ್ಬಿಸಿದ್ದವು. ಕಣಿವೆಯ ನೀರಿನ ಮೇಲೆ ಬೇರೆ ದೂರುಗಳಿದ್ದರೆ ಅವುಗಳನ್ನು ಬೇರೆಯಾಗಿಯೇ ವಿಚಾರಿಸಬೇಕು. ಈ ದೂರು ಅದಕ್ಕೆ ತಗಲದು.

ಇನ್ನು ಬೂಷ್ಟಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ರೇಷ್ಮೆಯ ಮನೆಯೇ ನಮಗೆ ಪಾಠಶಾಲೆ. ಭಾವ, ಎಂದರೆ ಅತ್ತೆಯವರ ಮಗ, ಮೂವತ್ತು ವರ್ಷಗಳಿಂದ ಹುಳು ಸಾಕುತ್ತಿದ್ದಾರೆ. ಹುಳುವಿನ ಮನೆಯ ಗಾಳಿಯ ವಿಷಯದಲ್ಲಿ ಅವರಿಗಿರುವ ಎಚ್ಚರವನ್ನು ನಾನು ಯಾವ ಆಸ್ಪತ್ರೆಯಲ್ಲಿಯೂ ಕಂಡಿಲ್ಲ. ಚಾಕಿ ಹುಳುವಿಗೆ 27, 28 ಡಿಗ್ರಿ ಶಾಖ, ನೂರಕ್ಕೆ 85ರಿಂದ 90ರಷ್ಟು ಆರ್ದ್ರತೆ ಬೇಕು. ಹುಳು ಬೆಳೆದು ದೊಡ್ಡದಾದ ಮೇಲೆ 24, 25 ಡಿಗ್ರಿ ಶಾಖ, 70ರಷ್ಟು ಆರ್ದ್ರತೆ ಸಾಕು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟ ಮೇಲಂತೂ ಅದನ್ನು 60, 65ಕ್ಕೆ ಇಳಿಸಿ ಗಾಳಿಯನ್ನು ಚೆನ್ನಾಗಿ ಆಡಿಸಬೇಕು. ಇಲ್ಲವಾದರೆ ಗೂಡಿನಿಂದ ನೂಲು ಸಲೀಸಾಗಿ ಬಿಚ್ಚುವುದಿಲ್ಲ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಹುಳು ಜ್ವರಕ್ಕೆ ಕುಳಿತಾಗ ಹಾಸಿಗೆಯನ್ನು ಒಣಗಿಸಲು ಸುಣ್ಣದ ಪುಡಿಯನ್ನು ಎರಚುತ್ತಾರೆ. ಪಟ್ಟಣದ ಶ್ರೋತೃಗಳಿಗೆ ಹೇಳಬೇಕಾದುದೆಂದರೆ, ಇಲ್ಲಿ ಜ್ವರವೆಂದರೆ ರೋಗವಲ್ಲ. ಹುಳು ಮೇವನ್ನು ಬಿಟ್ಟು ಪೊರೆ ಕಳಚುವ ಅವಸ್ಥೆ. ಇಷ್ಟೆಲ್ಲಾ ಎಚ್ಚರ ತಪ್ಪಿ, ತಣ್ಣನೆಯ ತೇವದ ದಿನಗಳಲ್ಲಿ ಗಾಳಿಯಾಡದೆ ಹೋದರೆ ಬರುವುದು ಸುಣ್ಣಕಟ್ಟು ರೋಗ. ಹುಳು ಸತ್ತು, ಗಟ್ಟಿಯಾಗಿ, ಮೈಮೇಲೆಲ್ಲಾ ಬಿಳಿಯ ಬೂಷ್ಟು ಕಟ್ಟಿ ಸುಣ್ಣದ ಕಡ್ಡಿಯಂತಾಗುತ್ತದೆ.

ಈ ಬಿಳಿಯ ಬೂಷ್ಟಿಗೆ ವಿಜ್ಞಾನದ ಚರಿತ್ರೆಯಲ್ಲಿ ಒಂದು ದೊಡ್ಡ ಸ್ಥಾನವುಂಟು. ಇಟಲಿಯ ಅಗೊಸ್ಟಿನೊ ಬಾಸ್ಸಿ ಎಂಬಾತನು ವರ್ಷಾನುವರ್ಷ ಹುಳುಗಳನ್ನು ಪರೀಕ್ಷಿಸಿ, ಈ ರೋಗವು ಒಂದು ಶಿಲೀಂಧ್ರದಿಂದ ಹುಟ್ಟಿ ಒಂದರಿಂದೊಂದಕ್ಕೆ ಹರಡುತ್ತದೆಯೆಂದು 1835ರಲ್ಲಿ ಪ್ರಕಟಿಸಿದನು. ಸೂಕ್ಷ್ಮಜೀವಿಯೊಂದು ಪ್ರಾಣಿಗೆ ರೋಗವನ್ನು ತರಬಲ್ಲುದೆಂಬುದಕ್ಕೆ ಸಿಕ್ಕಿದ ಮೊದಲ ಪ್ರಮಾಣವದು. ಪಾಸ್ತರನ ಹೆಸರು ಲೋಕಕ್ಕೆ ತಿಳಿಯುವುದಕ್ಕೆ ಎಷ್ಟೋ ಮೊದಲಿನ ಮಾತು. ಆ ಶಿಲೀಂಧ್ರಕ್ಕೆ ಇಂದಿಗೂ ಬಾಸ್ಸಿಯ ಹೆಸರೇ ನಿಂತಿದೆ.

ಮನೆಯ ಗೋಡೆಯಲ್ಲಿ ಬೆಳೆಯುವ ಬೂಷ್ಟು ಬೇರೆ ಜಾತಿಗಳದು. ಅದು ನಮ್ಮನ್ನು ಸುಣ್ಣದ ಕಡ್ಡಿ ಮಾಡುವುದಿಲ್ಲ. ಆದರೆ ಅದಕ್ಕೆ ಬೇಕಾದುದೂ ತೇವವೇ. ಬೀಜಕಣಗಳು ಎಲ್ಲೆಲ್ಲಿಯೂ ಗಾಳಿಯಲ್ಲಿರುತ್ತವೆ, ಅವುಗಳನ್ನು ತಡೆಯಲಾಗದು. ಗೋಡೆಯ ಮೈಯ ಪಕ್ಕದ ಆರ್ದ್ರತೆ ದಿನಗಟ್ಟಲೆ ನೂರಕ್ಕೆ 80ರ ಮೇಲೆ ನಿಂತಾಗ ಅವು ಮೊಳೆಯುತ್ತವೆ. ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿಗಳೂ ಇದೇ ತೇವದಲ್ಲಿ ಹೆಚ್ಚುತ್ತವೆ. ಇಂಥ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಶ್ವಾಸದ ಸೋಂಕು ಹೆಚ್ಚಾಗಿ ಕಾಣುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ತೇವ ಮತ್ತು ಬೂಷ್ಟಿನ ವಿಷಯವಾಗಿಯೇ ಹೊರಡಿಸಿದ ಗ್ರಂಥದಲ್ಲಿ ಸ್ಪಷ್ಟವಾಗಿ ಹೇಳಿದೆ.

ಡಿಸೆಂಬರಿನ ಒಂದು ಬೆಳಗ್ಗೆ ನಾನು ಭಾವನವರಿಗೆ, ಹುಳುವಿನ ಮನೆಯಲ್ಲಿ ತೂಗಹಾಕಿದ್ದ ಆರ್ದ್ರತಾಮಾಪಕವನ್ನು ಮಗುವಿನ ಕೋಣೆಗೆ ತರಲು ಹೇಳಿದೆ. ಅದು ಎರಡು ಉಷ್ಣಮಾಪಕಗಳ ಜೋಡಿ. ಒಂದರ ಗುಂಡು ಒಣಗಿರುತ್ತದೆ, ಇನ್ನೊಂದರ ಗುಂಡಿಗೆ ಒದ್ದೆಯ ಬಟ್ಟೆ ಸುತ್ತಿರುತ್ತದೆ. ಗಾಳಿ ಒಣಗಿದ್ದಷ್ಟೂ ಒದ್ದೆಯ ಗುಂಡು ಹೆಚ್ಚಾಗಿ ತಣಿಯುತ್ತದೆ. ಒಣ ಗುಂಡು 24 ಡಿಗ್ರಿ ತೋರಿಸಿತು, ಒದ್ದೆಯದು 22. ಎರಡೇ ಡಿಗ್ರಿ ಅಂತರ. ಪಟ್ಟಿಯಲ್ಲಿ ನೋಡಿದರೆ ಆರ್ದ್ರತೆ ನೂರಕ್ಕೆ 83. ಭಾವ ಎರಡು ಸಲ ನೋಡಿದರು. “ಕೊನೇ ಜ್ವರ ಎದ್ದ ಹುಳುಗೆ ಇಷ್ಟು ಥಂಡಿ ಇದ್ದಿದ್ರೆ ನಾನು ರಾತ್ರಿಯೆಲ್ಲಾ ನಿದ್ದೆ ಮಾಡ್ತಿರಲಿಲ್ಲ ಮೇಷ್ಟ್ರೆ” ಎಂದರು. ಆ ಮಾತಿಗೆ ನಾನು ಏನನ್ನೂ ಸೇರಿಸಲಿಲ್ಲ. ಸೊಸೆ ಅಲ್ಲಿಯೇ ನಿಂತಿದ್ದಳು.

ಅಂಥ ಗಾಳಿ 21 ಡಿಗ್ರಿಗೆ ತಣಿದರೆ ಸಾಕು, ಹನಿ ಬಿಡುತ್ತದೆ. ಅದನ್ನೇ ಇಬ್ಬನಿಯ ಬಿಂದು ಎನ್ನುವುದು. ಬಡಗಣ ಗೋಡೆಗೆ ಬಿಸಿಲು ಬೀಳದು. ಮಂಚವನ್ನು ಅದಕ್ಕೆ ಒತ್ತಿ ಹಾಕಿದ್ದುದರಿಂದ ಕೋಣೆಯ ಬೆಚ್ಚನೆಯ ಗಾಳಿಯೂ ಅಲ್ಲಿ ಆಡದು. ಬೆಳಗಿನ ಜಾವದಲ್ಲಿ ಆ ಮೂಲೆ 21ಕ್ಕೂ ಕೆಳಗಿಳಿಯುತ್ತಿತ್ತು. ಕರಿಯ ಚುಕ್ಕೆಗಳು ಮಂಚದ ಹಿಂದೆಯೇ ಏಕೆ ಎದ್ದವೆಂಬುದಕ್ಕೆ ಇದೇ ಉತ್ತರ. ವಾಸ್ತುವಿಗೂ ಇದಕ್ಕೂ ಇರುವ ಸಂಬಂಧ ಇಷ್ಟೇ.

ಕಿಟಕಿಯನ್ನು ತೆರೆಯಿರೆಂದು ನಾನು ಹೇಳಿದಾಗ ಸೊಸೆ ಆಕ್ಷೇಪಿಸಿದಳು: ಹೊರಗೆ ಮಂಜು ಸುರಿಯುತ್ತಿದೆ, ತೆರೆದರೆ ಇನ್ನಷ್ಟು ತೇವ ಬರುವುದಿಲ್ಲವೆ? ಬುದ್ಧಿವಂತ ಪ್ರಶ್ನೆ. ಉತ್ತರ ಲೆಕ್ಕದಲ್ಲಿದೆ. ಹೊರಗಿನ ಗಾಳಿ 15 ಡಿಗ್ರಿಯಲ್ಲಿ ತುಂಬ ನೆನೆದಿದ್ದರೂ ಅದರಲ್ಲಿರುವುದು ಘನ ಮೀಟರಿಗೆ 13 ಗ್ರಾಂ ನೀರು ಮಾತ್ರ. ಒಳಗಿನ ಗಾಳಿಯಲ್ಲಿ 18 ಗ್ರಾಂ ಇತ್ತು. ಹೊರಗಿನದು ಒಳಗೆ ಬಂದು 24 ಡಿಗ್ರಿಗೆ ಬೆಚ್ಚಗಾದರೆ ಅದರ ಆರ್ದ್ರತೆ ನೂರಕ್ಕೆ 60ಕ್ಕೆ ಇಳಿಯುತ್ತದೆ. ಮಂಜಿನ ಹನಿಗಳು ಸ್ವಲ್ಪ ಸೇರಿದರೂ ನಷ್ಟವಿಲ್ಲ. ನಮ್ಮ ಮೈದಾನ ಸೀಮೆಯ ಚಳಿಗಾಲದಲ್ಲಿ ಮಂಜು ಕವಿದ ಮುಂಜಾವಿನ ಗಾಳಿಯೂ ಮನೆಯನ್ನು ಒಣಗಿಸುತ್ತದೆ.

ಆದರೆ ಈ ಮಾತನ್ನು ಮಂಗಳೂರಿನಲ್ಲಿ ಹೇಳಿದರೆ ತಪ್ಪಾಗುತ್ತದೆ. ಅಲ್ಲಿ ಮಳೆಗಾಲದ ಹೊರಗಾಳಿಯಲ್ಲಿಯೇ 22 ಗ್ರಾಂ ನೀರಿರುತ್ತದೆ. ಕಿಟಕಿ ತೆರೆದರೆ ಗಾಳಿ ಹೊಸದಾದೀತೇ ಹೊರತು ಮನೆ ಒಣಗದು. ಕರಾವಳಿಯವರೂ ಮಲೆನಾಡಿನವರೂ ಒಲೆಯ ಮೇಲೆ ಅಟ್ಟ ಕಟ್ಟಿ ಅಡಿಕೆ, ಮೆಣಸು, ಸೌದೆ ಇವುಗಳನ್ನು ಶಾಖದಲ್ಲಿಟ್ಟು ಕಾಪಾಡಿದುದು ಇದರಿಂದಲೇ. ಒಂದು ಸೀಮೆಯ ಉಪಾಯ ಇನ್ನೊಂದಕ್ಕೆ ಒಗ್ಗುವುದಿಲ್ಲ. ಬೆಂಗಳೂರಿನ ಶಿಲ್ಪಿಗಳು ಯೂರೋಪಿನ ಶೀತದೇಶಗಳ ನಕ್ಷೆಯನ್ನು ನೋಡಿ ಬಿಗಿಯಾದ ಗಾಜಿನ ಕಿಟಕಿಗಳನ್ನಿಡುವುದನ್ನು ಕಂಡಾಗ ನನಗೆ ಇದು ನೆನಪಾಗುತ್ತದೆ.

ತೇವದಷ್ಟೇ ಮುಖ್ಯವಾದುದು ನಾವು ಬಿಡುವ ಇಂಗಾಲಾಮ್ಲ ವಾಯು. ಹಿಂದೆ ಹೇಳಿದ ಪೆಟ್ಟನ್‌ಕೋಫರನೇ 1858ರಲ್ಲಿ ಇದಕ್ಕೂ ಒಂದು ಮೇರೆ ಕಟ್ಟಿದನು: ಸಾವಿರ ಪಾಲು ಗಾಳಿಯಲ್ಲಿ ಒಂದು ಪಾಲು ಇಂಗಾಲಾಮ್ಲ ವಾಯುವಿಗಿಂತ ಹೆಚ್ಚಿದ್ದರೆ ಆ ಕೋಣೆ ವಾಸಕ್ಕೆ ತಕ್ಕುದಲ್ಲ. ಅಷ್ಟು ಅಲ್ಪ ಪ್ರಮಾಣದ ಆ ವಾಯುವೇ ವಿಷವೆಂದು ಅವನ ಅಭಿಪ್ರಾಯವಲ್ಲ. ಒಬ್ಬರ ಉಸಿರನ್ನು ಮತ್ತೊಬ್ಬರು ಎಷ್ಟು ಉಸಿರಾಡುತ್ತಿದ್ದಾರೆಂಬುದಕ್ಕೆ ಅದು ಗುರುತು. ಕೈಗಾರಿಕೆಗಳು ಹುಟ್ಟುವುದಕ್ಕೆ ಮೊದಲು ಹೊರಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 280 ಪಾಲಿದ್ದ ಈ ವಾಯು ಈಗ 420ನ್ನು ಮೀರಿದೆ. ಮೂವರು ಮಲಗಿದ ಮುಚ್ಚಿದ ಕೋಣೆಯಲ್ಲಿ ಸುಮಾರು ಒಂದು ಗಂಟೆಯಲ್ಲಿಯೇ ಪೆಟ್ಟನ್‌ಕೋಫರನ ಸಾವಿರವನ್ನು ಅದು ದಾಟುತ್ತದೆ. ಗುರುತೆಂದೆನಷ್ಟೆ, 2020ರ ಕೊರೋನಾ ಕಾಲದಲ್ಲಿ ಈ ಗುರುತಿನ ಬೆಲೆ ಎಲ್ಲರಿಗೂ ತಿಳಿಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಪೇಟೆಯ ಇಕ್ಕಟ್ಟನ್ನು ಬಿಟ್ಟು ಬೆಳಕೂ ಗಾಳಿಯೂ ಇರುವಂತೆ ಬಸವನಗುಡಿ, ಮಲ್ಲೇಶ್ವರಗಳ ಬಡಾವಣೆಗಳನ್ನು ಬೆಳೆಸಿದರು. ಪ್ಲೇಗು ಹರಡುವುದು ಇಲಿಯ ಚಿಗಟದಿಂದ. ಆದರೂ ಆ ಅಗಲವಾದ ಬೀದಿಗಳಿಂದ ಊರಿಗೆ ಲಾಭವೇ ಆಯಿತು.

ಮುಚ್ಚಿದ ಗಾಳಿ ಕೊಲ್ಲುತ್ತದೆಂಬುದನ್ನು ನಮ್ಮ ರೈತರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಇಡುತ್ತಿದ್ದ ಕಾಲದಲ್ಲಿ, ಬಾಯಿ ತೆರೆದ ಕೂಡಲೆ ಯಾರೂ ಇಳಿಯುತ್ತಿರಲಿಲ್ಲ. ಕಾಳೂ ಉಸಿರಾಡುವ ವಸ್ತು. ಆಮ್ಲಜನಕವನ್ನು ತಿಂದು ಇಂಗಾಲಾಮ್ಲವನ್ನು ಬಿಟ್ಟಿರುತ್ತದೆ. ಹಗೇವನ್ನು ತೆರೆದು ಬಹಳ ಹೊತ್ತು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು. ಅದೇ ಮನೆಯಲ್ಲಿ ಬಾಣಂತಿಯ ಕೋಣೆಗೆ ಕಿಟಕಿ ಮುಚ್ಚಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಒಳಗೆ ಕೆಂಡದ ಅಗ್ಗಿಷ್ಟಿಕೆಯನ್ನಿಡುತ್ತಿದ್ದರೆಂಬುದು ನನಗೆ ಬಿಡಿಸಲಾಗದ ಒಗಟು. ಇದನ್ನು ಒತ್ತಿ ಹೇಳುತ್ತೇನೆ: ಕೆಂಡದಿಂದ ಏಳುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಹಿಡಿದು, ಮಲಗಿದವರನ್ನು ಮಲಗಿದಂತೆಯೇ ಒಯ್ಯುತ್ತದೆ. ಹುಳುವಿನ ಮನೆಯನ್ನು ಬೆಚ್ಚಗಿಡಲು ಇದ್ದಿಲೊಲೆ ಇಟ್ಟು ಅಲ್ಲಿಯೇ ಮಲಗುವವರಿಗೂ ಈ ಎಚ್ಚರಿಕೆ ಸಲ್ಲುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಕೂಡದು.

ಹಳೆಯ ಮನೆಯನ್ನು ನಾನು ಹೊಗಳುತ್ತಿದ್ದೇನೆಂದು ಯಾರೂ ಭಾವಿಸಬೇಡಿ. ಆ ಮನೆಯ ಅಡಿಗೆಕೋಣೆಗೆ ಒಂದು ಗೇಣು ಬೆಳಕಿಂಡಿ. ಅತ್ತೆಯವರು ನಲವತ್ತು ವರ್ಷ ಅಲ್ಲಿ ಸೌದೆ ಊದಿದರು. ಅವರ ಕಣ್ಣೂ ಎದೆಯೂ ಅದರ ಸುಂಕವನ್ನು ಇಂದಿಗೂ ಕಟ್ಟುತ್ತಿವೆ. ಹೆಂಚಿನ ಜಂತೆಗಳಿಗೆ ಗೆದ್ದಲು ಹತ್ತದಂತೆ, ಗೋಡೆಗೆ ಬೂಷ್ಟು ಬಾರದಂತೆ ಮಾಡಿದ ಹೊಗೆಯೇ ಹೆಂಗಸರ ಶ್ವಾಸಕೋಶವನ್ನು ಕರಿದುಮಾಡಿತು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹುಟ್ಟುಹಾಕಿದ ಅಸ್ತ್ರ ಎಂಬ ವಿಭಾಗದವರು, ಹೊಗೆಯನ್ನು ಕೊಳವೆಯ ಮೂಲಕ ಹೊರಗಟ್ಟುವ, ಮೂರು ಪಾತ್ರೆಗಳನ್ನು ಒಂದೇ ಉರಿಯಲ್ಲಿ ಕಾಯಿಸುವ ಒಲೆಯನ್ನು ರಚಿಸಿದರು. ಅದೇ ಅಸ್ತ್ರ ಒಲೆ. ನಾನು ಹುಡುಗನಾಗಿದ್ದಾಗ ಅದನ್ನು ಅತ್ತೆಯವರ ಮನೆಯಲ್ಲಿಯೂ ಹಾಕಿಸಿದ್ದರು. ಕೊಳವೆಯಲ್ಲಿ ಮಸಿ ಕಟ್ಟಿದಾಗ ತೆಗೆಯುವವರಿಲ್ಲದೆ ಕೆಲವು ವರ್ಷಗಳಲ್ಲಿ ಅದು ಮೂಲೆ ಸೇರಿತು. ಯಂತ್ರ ಒಳ್ಳೆಯದಾದರೆ ಸಾಲದು, ಅದನ್ನು ಗುಡಿಸುವವರಿರಬೇಕು. ಅನಿಲದ ಒಲೆ ಬಂದ ಮೇಲೆ, ಅದರಲ್ಲಿಯೂ 2016ರ ಉಜ್ವಲಾ ಯೋಜನೆಯ ತರುವಾಯ, ಎಷ್ಟೋ ಮನೆಗಳ ಅಡಿಗೆಕೋಣೆ ಬೆಳಗಾಯಿತು. ನೀರೊಲೆಗೆ ಮಾತ್ರ ಸೌದೆ ಉಳಿದಿದೆ.

ಹೊಗೆ ಹೊರಟ ಕೋಣೆಗೆ ನಾವು ಹೊಸ ಹೊಗೆಯನ್ನು ಕರೆತಂದಿದ್ದೇವೆ. ಸೊಳ್ಳೆಗೆಂದು ಹಚ್ಚುವ ಸುರುಳಿಬತ್ತಿಯೊಂದರಿಂದ ಹೊರಡುವ ಸೂಕ್ಷ್ಮ ಧೂಳು 75ರಿಂದ 137 ಸಿಗರೇಟುಗಳ ಹೊಗೆಯ ಧೂಳಿಗೆ ಸಮವೆಂದು 2003ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಮಗುವಿನ ಕೋಣೆಯಲ್ಲಿ ರಾತ್ರಿಯೆಲ್ಲಾ ಅದೇ ಉರಿಯುತ್ತಿತ್ತು; ಸೊಳ್ಳೆಗೆ ಹೆದರಿ ಕಿಟಕಿಯೂ ಮುಚ್ಚಿತ್ತು. ಕಿಟಕಿಗೆ ಸೊಳ್ಳೆಪರದೆಯ ಜಾಲರಿ ಬಡಿದಿದ್ದರೆ ಎರಡೂ ತಪ್ಪುತ್ತಿತ್ತು.

ಲಕ್ಕೂರಿನ ಮನೆಯಲ್ಲಿ ಆಮೇಲೆ ಮಾಡಿದುದೇನೆಂದು ಹೇಳಿಬಿಡುತ್ತೇನೆ. ಇವುಗಳಲ್ಲಿ ಯಾವುದೂ ದೊಡ್ಡ ವಿದ್ಯೆಯಲ್ಲ. ಗೋಡೆಯ ಬುಡದ ಮಣ್ಣನ್ನು ತೆಗೆಸಿ, ಕನಕಾಂಬರವನ್ನು ಕಾಂಪೌಂಡಿನ ಕಡೆಗೆ ಕಳುಹಿಸಿದೆವು. ಮಲಗುವ ಕೋಣೆಯಲ್ಲಿ ಎದುರುಬದುರು ಗೋಡೆಗಳಿಗೆ, ಚಾವಣಿಗೆ ಒಂದಡಿ ಕೆಳಗೆ, ಎರಡು ಗವಾಕ್ಷಿಗಳನ್ನು ಕೊರೆಸಿದೆವು. ಬೆಚ್ಚನೆಯ ತೇವದ ಗಾಳಿ ಹಗುರವಾದುದರಿಂದ ಮೇಲಕ್ಕೇರಿ ತಾನಾಗಿ ಹೊರಬೀಳುತ್ತದೆ. ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಮೈಲಿಯ ಆಳದವರೆಗೆ ಗಾಳಿಯನ್ನು ಇಳಿಸುವುದಕ್ಕೆ ಯಂತ್ರಗಳೇ ಬೇಕಾಗಿದ್ದವು. ಹತ್ತಡಿಯ ಕೋಣೆಗೆ ಎರಡು ತೂತು ಸಾಕು. ಅಡಿಗೆಮನೆಗೆ ಗಾಳಿಯನ್ನು ಹೊರಕ್ಕೆ ದೂಡುವ ಫ್ಯಾನು ಹಾಕಿಸಿದರು. ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆಗೆಳೆದರು. ಒದ್ದೆ ಬಟ್ಟೆಯನ್ನು ಒಳಗೆ ಒಣಹಾಕುವುದನ್ನು ನಿಲ್ಲಿಸಿದರು. ಇದು ಎಲ್ಲಕ್ಕಿಂತ ಕಷ್ಟವಾಯಿತು. ಬಡಗಣ ಗೋಡೆಯ ಬಣ್ಣವನ್ನೂ ಸಡಿಲವಾದ ಗಿಲಾವನ್ನೂ ಕೆತ್ತಿಸಿ, ಬೇಸಗೆಯೆಲ್ಲಾ ಒಣಗಲು ಬಿಟ್ಟು, ಅರಳಿಸಿದ ಸುಣ್ಣವನ್ನು ಬಳಿಸಿದೆವು. ಸುಣ್ಣದ ಕ್ಷಾರಗುಣದಲ್ಲಿ ಬೂಷ್ಟು ಹುಟ್ಟುವುದು ಕಷ್ಟ. ಅದರ ಪೊರೆಯು ನೀರಾವಿಯನ್ನು ತಡೆಯುವುದೂ ಇಲ್ಲ. ಯುಗಾದಿಗೋ ದೀಪಾವಳಿಗೋ ವರ್ಷಕ್ಕೊಮ್ಮೆ ಸುಣ್ಣ ಹೊಡೆಯುತ್ತಿದ್ದ ಪದ್ಧತಿಯಲ್ಲಿ ಇಷ್ಟು ರಸಾಯನಶಾಸ್ತ್ರವಿತ್ತು. ಒಂದು ವರ್ಷದಲ್ಲಿ ಗಾಳಿಯ ಇಂಗಾಲಾಮ್ಲವನ್ನು ಹೀರಿ ಅದು ಮತ್ತೆ ಕಲ್ಲಾಗುವುದರಿಂದ ಆ ಕ್ಷಾರಗುಣ ತಗ್ಗುತ್ತದೆ. ವರ್ಷವರ್ಷವೂ ಹೊಡೆಯಬೇಕಾದುದು ಅದಕ್ಕಾಗಿಯೇ.

ಮರುವರ್ಷ ಅದೇ ಡಿಸೆಂಬರಿನಲ್ಲಿ ಆ ಕೋಣೆಯ ಆರ್ದ್ರತೆ ಬೆಳಗ್ಗೆ ನೂರಕ್ಕೆ 64 ಇತ್ತು. ಮಗುವಿನ ಕೆಮ್ಮು ಪೂರ್ತಿ ಹೋಯಿತೆಂದು ಹೇಳಿದರೆ ಸುಳ್ಳಾಡಿದಂತಾಗುತ್ತದೆ. ರಾತ್ರಿ ಎದ್ದು ಕೂರುವುದು ಬಹಳ ಕಡಮೆಯಾಗಿದೆ. ಸೇದುವ ಔಷಧಿಯನ್ನು ವೈದ್ಯರ ಮಾತಿನಂತೆ ಇನ್ನೂ ಕೊಡುತ್ತಿದ್ದಾರೆ, ಕೊಡಲೂ ಬೇಕು. ಗವಾಕ್ಷಿ ತೆರೆದೆವೆಂದು ಔಷಧಿಯನ್ನು ಬಿಡತಕ್ಕದ್ದಲ್ಲ.

ಆರ್ದ್ರತಾಮಾಪಕವನ್ನು ಚಾಕಿ ಬಂದ ದಿನವೇ ಭಾವ ಹುಳುವಿನ ಮನೆಗೆ ಹಿಂದಕ್ಕೆ ಒಯ್ದರು. ಮಗುವಿನ ಕೋಣೆಗೆ ಬ್ಯಾಟರಿಯಿಂದ ನಡೆಯುವ ಸಣ್ಣದೊಂದನ್ನು ನಾನು ಕೆಲವು ನೂರು ರೂಪಾಯಿಗೆ ತೆಗೆದುಕೊಟ್ಟಿದ್ದೇನೆ. ಬಡಗಣ ಗೋಡೆಯ ಹೊರಮೈಗೆ ಮಳೆಯ ಎರಚಲು ಬೀಳದಂತೆ ಒಂದು ಸೂರನ್ನು ಇಳಿಸಬೇಕಾಗಿದೆ. ಮಾಲೂರಿನ ಹೆಂಚನ್ನೇ ಹಾಕಿಸುವುದೆಂದು ಗೊತ್ತಾಗಿದೆ. ಮುಂದಿನ ಬೆಳೆಯ ಗೂಡು ಮಾರಿದ ಮೇಲೆ ಕೆಲಸಕ್ಕೆ ತೊಡಗುತ್ತಾರೆ.